ಅಪ್‌ಡೇಟ್: ಆಪರೇಷನ್ ನಂತರದ ವಾಂತಿಗೆ ಆಕ್ಯುಪಂಕ್ಚರ್

ಹೋದ ಸಲ ಅರಿವಳಿಕೆ ಇಳಿದ ಮೇಲೆ ರಾತ್ರಿಯಿಡೀ ವಾಂತಿ ಮಾಡಿಕೊಂಡಿದ್ದೆ, ಈ ಸಲ ಆಕ್ಯುಪಂಕ್ಚರ್ ಸೇರಿಸಿಕೊಳ್ಳಬಹುದಾ ಅಂತ ಕೇಳಿದ್ದೆನಲ್ಲ? ಪಿತ್ತಕೋಶದ ಆಪರೇಷನ್ ಆಗಿ ಹತ್ತು ದಿನ ಆಯ್ತು.

ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿದೆ. ಬೇಡ ಅನ್ನಲಿಲ್ಲ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದೀರಾ ಅಂತ ಮಾತ್ರ ವಿಚಾರಿಸಿದರು. ಮಣಿಕಟ್ಟಿನ ಒಳಗೆರೆಯಿಂದ ಮೂರು ಬೆರಳು ಮೇಲೆ, ಪಿ6 ಅನ್ನುವ ಜಾಗದಲ್ಲಿ, ಕೂದಲೆಳೆಯಂಥ ಸೂಜಿ. ಚುಚ್ಚಿದ್ದೇ ಗೊತ್ತಾಗಲಿಲ್ಲ, ಆಮೇಲೆ ಅಂಗೈವರೆಗೂ ಜುಮ್ ಅಂದಿತು.

ವಾಂತಿ ಆಗಲಿಲ್ಲ. ಒಮ್ಮೆ ಹೊಟ್ಟೆ ತೊಳೆಸಿತು, ಅಷ್ಟೇ. ವಾಂತಿ ತಡೆಯುವ ಇಂಜೆಕ್ಷನ್ನೂ ಕೊಟ್ಟಿದ್ದರು, ಹಾಗಾಗಿ ಸುಮ್ನೆ ಎಲ್ಲಾ ಕ್ರೆಡಿಟ್ ಸೂಜಿಗೆ ಕೊಡಲಾರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2015ರ ಕೊಕ್ರೇನ್ ವಿಮರ್ಶೆ ಈ ಪಿ6 ಬಿಂದುವನ್ನು ಪ್ರಚೋದಿಸಿದರೆ ವಾಂತಿ ಕಡಿಮೆಯಾಗುತ್ತದೆ ಅನ್ನುತ್ತದೆ. ಗಾಯದ ನೋವಿಗೆ ಮಾತ್ರ ನನಗೆ ಮಾತ್ರೆಯೇ ಬೇಕಾಯ್ತು.