ಗಡಸು ಇದೆ, ಪೆಡಸು ಇದೆ. ಮುರಿಯದ ಗಟ್ಟಿತನಕ್ಕೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ. ನಾನಿರುವುದು ಗೋಣಿಕೊಪ್ಪದ ಹತ್ತಿರ. ಕತ್ತಿ ಮಾಡುವ ಹುಚ್ಚಿರುವ ನಾವು ನಾಲ್ಕೈದು ಜನ ಸೇರಿ, ಯಾವ ಕೆಲಸಕ್ಕೆ ಯಾವ ಉಕ್ಕು ಎಂದು ಕನ್ನಡದಲ್ಲಿ ಬರೆದಿಡುತ್ತಿದ್ದೇವೆ. ಒಂದೇ ಒಂದು ಪದ ಸಿಗದೆ ಕೆಲಸ ನಿಂತಿದೆ.

ಹೋದ ವರ್ಷ ತೋಟದಲ್ಲಿ ಮರ ಕಪಾತಿಗೆಂದು ಡಿ2 ಉಕ್ಕಿನ ಕತ್ತಿ ತರಿಸಿದ್ದೆ. ಮಾರಿದವರು ‘ತುಂಬಾ ಗಟ್ಟಿ’ ಎಂದಿದ್ದರು. ಅದು ಸುಳ್ಳಲ್ಲ, ವಾರಗಟ್ಟಲೆ ಹರಿತ ನಿಂತಿತು. ಆಮೇಲೆ ಒಂದು ದಿನ ಒಣಗಿದ ಹಲಸಿನ ಕೊಂಬೆಯ ಗಂಟಿಗೆ ಏಟು ಬಿತ್ತು. ಕತ್ತಿಯ ಬಾಯಿಂದ ಅಕ್ಕಿಕಾಳಿನಷ್ಟು ಚೂರು ಎದ್ದು ಹೋಯಿತು. ಗಟ್ಟಿ ಕತ್ತಿ ಹೀಗೆ ಮುಕ್ಕಾಗುವುದು ಹೇಗೆ ಅಂತ ಮನೆಯಲ್ಲಿ ಕೇಳಿದರು. ಉತ್ತರ ಗೊತ್ತಿತ್ತು, ಆದರೆ ಅದನ್ನು ಹೇಳುವ ಪದ ಬಾಯಿಗೆ ಬರಲಿಲ್ಲ.

‘ಗಟ್ಟಿ’ ಎನ್ನುವುದರೊಳಗೆ ಎರಡು ಗುಣ ಕೂತಿವೆ. ಒಂದು, ಗೀರು ಬೀಳದ, ಸವೆಯದ ಗುಣ. ಇದನ್ನು ಒತ್ತಿ ಅಳೆಯುತ್ತಾರೆ. ರಾಕ್‌ವೆಲ್ ಯಂತ್ರ ವಜ್ರದ ಮೊನೆಯನ್ನು ಉಕ್ಕಿನ ಮೇಲೆ ಒತ್ತಿ, ಎಷ್ಟು ಆಳ ಇಳಿಯಿತೆಂದು ನೋಡುತ್ತದೆ. ಇನ್ನೊಂದು, ಪೆಟ್ಟು ತಿಂದರೂ ಮುರಿಯದ ಗುಣ. ಇದನ್ನು ಹೊಡೆದೇ ಅಳೆಯಬೇಕು. ಚಾರ್ಪಿ ಪರೀಕ್ಷೆಯಲ್ಲಿ ಗೀಟು ಹಾಕಿದ ತುಂಡಿಗೆ ಲೋಲಕದಂತೆ ತೂಗುವ ಸುತ್ತಿಗೆಯಿಂದ ಬಡಿಯುತ್ತಾರೆ. ಗಾಜು ಮೊದಲನೆಯದರಲ್ಲಿ ಮುಂದು, ಎರಡನೆಯದರಲ್ಲಿ ತೀರಾ ಹಿಂದು. ನಮ್ಮ ಕಾಡಿನ ಬೆತ್ತ ಇದಕ್ಕೆ ಸರಿಯಾಗಿ ಉಲ್ಟಾ.

ಡಿ2ನಲ್ಲಿ ಇಂಗಾಲ ಸುಮಾರು 1.5 ಶೇಕಡಾ, ಕ್ರೋಮಿಯಂ ಸುಮಾರು 12. ಇವೆರಡೂ ಸೇರಿ ಕಾರ್ಬೈಡಿನ ದಪ್ಪ ಹರಳುಗಳಾಗುತ್ತವೆ. ಸವೆತ ತಡೆಯುವುದೂ ಅವೇ, ಬಿರುಕಿಗೆ ದಾರಿ ಕೊಡುವುದೂ ಅವೇ. ಹಾಗಾಗಿ ಈ ಸಲ ನಾವು ಆರಿಸಿದ್ದು ಎಸ್7 ಎಂಬ ಉಕ್ಕು. ಕತ್ತಿಗೆ ಇದನ್ನು ಬಳಸುವವರು ಕಡಿಮೆ, ಜಾಸ್ತಿ ಹೋಗುವುದು ಉಳಿ, ಪಂಚುಗಳಿಗೆ. ಇಂಗಾಲ ಬರೀ ಅರ್ಧ ಶೇಕಡಾ. ಹರಿತ ಬೇಗ ಹೋಗುತ್ತದೆ, ನಿಜ. ಸಾಣೆ ಹಿಡಿದರಾಯಿತು. ಚೂರು ಎದ್ದ ಬಾಯಿಗೆ ಸಾಣೆ ಸಾಕಾಗುವುದಿಲ್ಲ, ಅಲ್ವಾ?

ಈ ಉಕ್ಕುಗಳ ಹೆಸರಿನ ಅಕ್ಷರಗಳಲ್ಲೂ ಅರ್ಥ ಇದೆ. ಡಬ್ಲ್ಯೂ ಎಂದರೆ ಕಾಯಿಸಿ ನೀರಲ್ಲಿ ಅದ್ದುವ ಉಕ್ಕು, ಓ ಎಂದರೆ ಎಣ್ಣೆಯಲ್ಲಿ, ಎ ಎಂದರೆ ಗಾಳಿಯಲ್ಲೇ ತಣಿಯುವುದು. ಎಸ್ ಎಂದರೆ ಪೆಟ್ಟು ತಡೆಯುವುದು. ಈ ‘ಪೆಟ್ಟು ತಡೆಯುವ’ ಗುಣಕ್ಕೇ ನನಗೆ ಒಂದು ಪದ ಬೇಕು.

ಮೊದಲನೆಯ ಗುಣಕ್ಕೆ ‘ಗಡಸು’ ಒಪ್ಪುತ್ತದೆ, ಅದರಲ್ಲಿ ತಕರಾರಿಲ್ಲ. ಅದು ಅತಿಯಾಗಿ ಮುರುಕಲಾದರೆ ‘ಪೆಡಸು’. ನಮ್ಮೂರ ಕುಲುಮೆಯ ಹಿರಿಯರು ಅದನ್ನೇ ಹೇಳುತ್ತಾರೆ: ಗಡಸು ಜಾಸ್ತಿ ಆದರೆ ಪೆಡಸಾಗುತ್ತೆ. ಎಷ್ಟು ಚೆಂದದ ಜೋಡಿ! ಆದರೆ ಪೆಡಸಿಗೆ ಎದುರು ಪದ ಕೇಳಿದಾಗ ಅವರು ‘ಹದ’ ಎಂದರು. ಹದ ಬೆಲ್ಲದ ಪಾಕಕ್ಕೂ ಇದೆ, ಉಳುವ ಮಣ್ಣಿಗೂ ಇದೆ. ಕತ್ತಿಯ ಮಟ್ಟಿಗೆ ಅದು ಕಾಯಿಸಿ, ತಣಿಸಿ, ಮತ್ತೆ ಹಗುರವಾಗಿ ಕಾಯಿಸುವ ಇಡೀ ಕೆಲಸದ ಹೆಸರು. ಆ ಕೆಲಸದಿಂದ ಬರುವ ಒಂದು ಗುಣಕ್ಕೆ ಅದನ್ನೇ ಬಳಸಿದರೆ ಗೊಂದಲ.

‘ದೃಢತೆ’ ಎಂದು ಬರೆಯಬಹುದು. ಕುಲುಮೆಯ ಮುಂದೆ ನಿಂತು ಯಾರೂ ಹಾಗೆ ಹೇಳುವುದಿಲ್ಲ. ‘ಜಿಗುಟು’ ಎಂದರೆ ಅಂಟು ನೆನಪಾಗುತ್ತದೆ. ‘ಬಾಳಿಕೆ’ ಸವೆತದ ಕಡೆ ಎಳೆಯುತ್ತದೆ. ‘ತಾಳಿಕೆ’ ಪರವಾಗಿಲ್ಲ, ಪೆಟ್ಟು ತಾಳುವುದು ಎಂಬ ಅರ್ಥ ಅದರಲ್ಲೇ ಇದೆ.

ನನ್ನ ಮನಸ್ಸು ಮಾತ್ರ ‘ಕೆಚ್ಚು’ ಕಡೆ ಇದೆ. ಮರದ ತಿರುಳಿಗೆ ಕೆಚ್ಚು ಎನ್ನುತ್ತೇವೆ, ಎದೆಯ ಧೈರ್ಯಕ್ಕೂ ಕೆಚ್ಚು ಎನ್ನುತ್ತೇವೆ. ‘ಡಿ2ಗೆ ಗಡಸು ಜಾಸ್ತಿ, ಎಸ್7ಗೆ ಕೆಚ್ಚು ಜಾಸ್ತಿ’ ಎಂದರೆ ಓದಿದವರಿಗೆ ತಟ್ಟನೆ ಹೊಳೆಯುತ್ತದೆ ಅನ್ನಿಸುತ್ತದೆ. ಒಂದೇ ಅಳುಕು: ಮರದ ಕೆಚ್ಚು ಗಡಸೂ ಹೌದು. ಬಡಗಿಗಳು ತಪ್ಪಾಗಿ ತಿಳಿದಾರೇ?

ನಿಮ್ಮೂರ ಕಮ್ಮಾರರು ಮುರಿಯದ ಕುಡುಗೋಲಿಗೆ, ಮುಕ್ಕಾಗದ ಕೊಡಲಿಗೆ ಏನೆನ್ನುತ್ತಾರೆ? ಬಯಲುಸೀಮೆಯ ಮಾತು, ಕರಾವಳಿಯ ಮಾತು ಎರಡೂ ಬೇಕು. ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ ಪದ ಇದ್ದರೆ ಅದನ್ನೂ ಬರೆಯಿರಿ. ಕೊಡವರ ಒಡಿಕತ್ತಿ, ಪೀಚೆಕತ್ತಿಗಳನ್ನು ಬಳಸಿದ ನೆಲದಲ್ಲಿ ಇದಕ್ಕೊಂದು ಮಾತು ಇದ್ದೇ ಇರಬೇಕು. ಸೆಪ್ಟೆಂಬರ್ 3ರಂದು ಆಯುಧಗಳಿಗೆ ಪೂಜೆ ಮಾಡುವ ನಮ್ಮ ಕೊಡಗಿನ ಹಬ್ಬ ಕೈಲ್‌ಪೊಳ್ದ್‌ಗೆ ಮೊದಲು ಟಿಪ್ಪಣಿ ಮುಗಿಸಿ, ಹೊಸ ಕತ್ತಿಯ ಜೊತೆಗೇ ಇಡುವ ಆಸೆ ಇದೆ.