ಮೊಣಕಾಲು ನೋವು ಎಷ್ಟೆಂದು ರಕ್ತಪರೀಕ್ಷೆ ಹೇಳುತ್ತದೆಯೇ?

ಪ್ರಶ್ನೆ (ಬದಿಯಡ್ಕದಿಂದ): ಡಾಕ್ಟರರೇ, ನಮಸ್ಕಾರ. ಅಮ್ಮನಿಗೆ 62 ವರ್ಷ. ತೋಟಕ್ಕಿಳಿಯುವ ಮುರಕಲ್ಲಿನ ಮೆಟ್ಟಿಲಲ್ಲಿ ದರೆ ಹಿಡಿದುಕೊಂಡು, ಒಂದೊಂದು ಮೆಟ್ಟಿಲಲ್ಲೂ ಎರಡು ಕಾಲೂರಿ ಇಳಿಯುತ್ತಾರೆ. ಎಕ್ಸ್‌ರೇಯಲ್ಲಿ ಸವೆತ ಎರಡನೇ ಹಂತ. ನೆರೆಮನೆಯ ಅಜ್ಜಿಗೆ ನಾಲ್ಕನೇ ಹಂತವಂತೆ, ಅವರು ಈಗಲೂ ಅಡಿಕೆ ಹೆಕ್ಕುತ್ತಾರೆ. ಹಾಗಾಗಿ ಅಮ್ಮ ನೋವನ್ನು ದೊಡ್ಡದು ಮಾಡುತ್ತಾರೆ ಎಂಬ ಮಾತು ಮನೆಯಲ್ಲಿದೆ. ಬಯೋಮಾರ್ಕರ್ ಪರೀಕ್ಷೆಯಲ್ಲಿ ತೀವ್ರತೆ ತಿಳಿಯುತ್ತದೆಯಂತೆ. ಮಂಗಳೂರಿಗೆ ಕರೆದೊಯ್ಯಲೇ?

ಉತ್ತರ: ನಿಮ್ಮ ಅಮ್ಮನ ನೋವು ನಿಜ. ಡಾಕ್ಟರರೇ ಹೇಳಿದರು ಎಂದು ಮನೆಯವರಿಗೆಲ್ಲ ತಿಳಿಸಿ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ಹಾಕಿಕೊಟ್ಟ ಆ ಹಂತಗಳು ಎಕ್ಸ್‌ರೇಯಲ್ಲಿ ಕಾಣುವ ಸವೆತದ ಅಳತೆ, ನೋವಿನದಲ್ಲ. ಸವೆಯುವುದು ಮೃದ್ವಸ್ಥಿ, ಅಂದರೆ ಗಂಟಿನಲ್ಲಿ ಮೂಳೆಯ ತುದಿಯನ್ನು ಮುಚ್ಚಿದ ನುಣುಪು ಪದರ. ಅದರಲ್ಲಿ ನರಗಳೇ ಇಲ್ಲ. ಗಂಟಿನ ಒಳಪೊರೆಗೆ ಉರಿಯೂತ ಬಂದು ನೀರು ತುಂಬಿದಾಗ, ಮೃದ್ವಸ್ಥಿಯ ಕೆಳಗಿನ ಮೂಳೆಗೆ ಪೆಟ್ಟಾದಾಗ ನೋವು ಏಳುತ್ತದೆ. ಎಕ್ಸ್‌ರೇಯಲ್ಲಿ ಅದು ಸರಿಯಾಗಿ ಕಾಣುವುದಿಲ್ಲ.

ಇನ್ನು ಬಯೋಮಾರ್ಕರ್ ಎಂದರೆ ರಕ್ತ, ಮೂತ್ರದಲ್ಲಿ ಸಿಗುವ ಕಾಯಿಲೆಯ ಗುರುತು. ಮೃದ್ವಸ್ಥಿ ಒಡೆದಾಗ ಅದರ ಕೊಲಾಜೆನ್ ಚೂರುಗಳು ಮೂತ್ರದಲ್ಲಿ ಹೋಗುತ್ತವೆ. ಸಿಟಿಎಕ್ಸ್-2 ಎಂಬುದು ಅಂಥದ್ದೊಂದು. ಕಾಂಪ್ ಎಂಬ ಪ್ರೋಟೀನ್ ರಕ್ತದಲ್ಲಿ ಏರಬಹುದು. ಬಹಳ ರೋಗಿಗಳನ್ನು ಒಟ್ಟಿಗೆ ನೋಡಿದಾಗ ಸವೆತದೊಂದಿಗೆ ಇವುಗಳ ನಂಟು ಕಾಣುತ್ತದೆ, ನೋವಿನೊಂದಿಗೆ ಅಷ್ಟಿಲ್ಲ. ಅದೂ ಅಲ್ಲದೆ, ಮೂತ್ರದಲ್ಲಿ ಸಿಕ್ಕ ಚೂರು ಮೊಣಕಾಲಿನದೋ ಸೊಂಟದ್ದೋ ಬೆನ್ನಿನದೋ ಎಂದು ಗುರುತಿಸುವುದು ಹೇಗೆ? ಆ ಪರೀಕ್ಷೆಗೆಂದು ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗಬೇಡಿ.

ಬದಲಿಗೆ ಒಂದು ನೋಟ್‌ಬುಕ್ ಇಡಿ. ಮೆಟ್ಟಿಲು ಇಳಿಯುವಾಗ, ಕುಳಿತು ಏಳುವಾಗ ನೋವು ಹತ್ತರಲ್ಲಿ ಎಷ್ಟು, ರಾತ್ರಿ ಎಚ್ಚರವಾಯಿತೇ ಎಂದು ವಾರಕ್ಕೊಮ್ಮೆ ಅಮ್ಮನನ್ನೇ ಕೇಳಿ ಬರೆಯಿರಿ. ಔಷಧಿ ಹಿಡಿಯಿತೇ ಎಂದು ನಾನು ನೋಡುವುದೂ ಇದನ್ನೇ. ತೊಡೆಯ ಮುಂಭಾಗದ ಸ್ನಾಯು ಬಲವಾಗಬೇಕು: ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೇರವಾಗಿಯೇ ಒಂದು ಗೇಣು ಎತ್ತಿ ಐದು ಎಣಿಸಿ ಇಳಿಸಲಿ. ತೂಕ ಹೆಚ್ಚಿದ್ದರೆ, ಒಂದು ಕಿಲೋ ಇಳಿದರೂ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿಗೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆ.

ಪ್ರಶ್ನೆ (ಮುಳ್ಳೇರಿಯದಿಂದ): ನನಗೆ ಇಎಸ್‌ಆರ್, ಸಿಆರ್‌ಪಿ, ಯೂರಿಕ್ ಆಮ್ಲ ಬರೆದುಕೊಟ್ಟಿದ್ದಾರೆ. ಅವೂ ಬೇಡವೇ ಡಾಕ್ಟರರೇ?

ಉತ್ತರ: ಖಂಡಿತ ಮಾಡಿಸಿ. ಅವು ಸವೆತವನ್ನು ಅಳೆಯಲಿಕ್ಕಲ್ಲ. ರುಮಟಾಯ್ಡ್ ಸಂಧಿವಾತ, ಯೂರಿಕ್ ಆಮ್ಲ ಗಂಟಿನಲ್ಲಿ ಸೇರಿ ಬರುವ ಗೌಟ್‌ನಂಥ ಬೇರೆ ಕಾಯಿಲೆ ಇದೆಯೇ ಎಂದು ನೋಡಲು. ಬರೀ ಸವೆತವಾದರೆ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಹೆಚ್ಚಾಗಿ ಸರಿಯಾಗಿಯೇ ಇರುತ್ತವೆ. ಬೆಳಗ್ಗೆ ಎದ್ದು ಒಂದು ಗಂಟೆ ಕಳೆದರೂ ಗಂಟುಗಳ ಬಿಗಿತ ಬಿಡದಿದ್ದರೆ ವೈದ್ಯರಿಗೆ ಹೇಳಿ. ಗಂಟು ಬಿಸಿಯಾಗಿ ಊದಿ ಜ್ವರವೂ ಬಂದರೆ ವರದಿಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.