ಪ್ರಾಗ್‌ನಲ್ಲಿ ಎರಡು ದಿನ, ಜೊತೆಗೆ ಅಮ್ಮನ ಮಂಡಿನೋವು: ಏನು ನೋಡೋದು, ಏನು ಬಿಡೋದು?

ತುಂಗಾತೀರದವ:
ಎಲ್ಲರಿಗೂ ನಮಸ್ಕಾರ. ನಾನಿರೋದು ನ್ಯೂರೆಂಬರ್ಗ್‌ನಲ್ಲಿ. ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದಿದ್ದಾರೆ, ಮುಂದಿನ ತಿಂಗಳು ಎರಡು ದಿನಕ್ಕೆ ಪ್ರಾಗ್‌ಗೆ ಹೊರಟಿದ್ದೇವೆ. ಅಪ್ಪ ಪಿಡಬ್ಲ್ಯುಡಿಯಲ್ಲಿದ್ದವರು, ಸೇತುವೆ ಕಂಡರೆ ಕಂಬ ಎಣಿಸದೆ ಮುಂದೆ ಹೋಗಲ್ಲ. ಅಮ್ಮನಿಗೆ ಮಂಡಿನೋವು. ಹತ್ತೋದು ಹೇಗೋ ಹತ್ತಿಬಿಡ್ತಾರೆ, ಮೆಟ್ಟಿಲು ಇಳಿಯೋದೇ ಕಷ್ಟ. ಕೋಟೆ, ಚಾರ್ಲ್ಸ್ ಸೇತುವೆ, ಹಳೇ ಊರಿನ ಚೌಕ, ಅಲ್ಲಿನ ಖಗೋಳ ಗಡಿಯಾರ ಇಷ್ಟೂ ಎರಡು ದಿನಕ್ಕೆ ಆಗುತ್ತಾ? ಇಬ್ಬರೂ ಮಾಂಸ ಮೊಟ್ಟೆ ಮುಟ್ಟಲ್ಲ. ವಯಸ್ಸಾದವರನ್ನು ಕರ್ಕೊಂಡು ಹೋಗಿ ಬಂದವರು ಹೇಳಿ, ಹುಡುಗರ ಪಟ್ಟಿಗಳು ಸಾಕಷ್ಟು ಓದಿದ್ದೇನೆ.

ಬ್ಯಾಕ್‌ಪ್ಯಾಕ್ ಭಟ್ಟ:
ಆರಾಮಾಗಿ ಆಗುತ್ತೆ ಗುರು. 22ನೇ ನಂಬರ್ ಟ್ರಾಮ್ ಹತ್ತಿ ಕೋಟೆ ಹತ್ರ ಇಳೀರಿ, ನೋಡ್ಕೊಂಡು ಹಳೇ ಮೆಟ್ಟಿಲ ದಾರೀಲಿ ನಡ್ಕೊಂಡು ಕೆಳಗೆ ಬನ್ನಿ. ಎಲ್ಲರೂ ಮಾಡೋದು ಅದನ್ನೇ. ಸಂಜೆ ಸೇತುವೆ, ರಾತ್ರಿ ಚೌಕ. ಒಂದೂವರೆ ದಿನ ಸಾಕು.

ಮೈಸೂರು ಸೊಸೆ:
ಭಟ್ರೇ, ಅವರಮ್ಮನಿಗೆ ಇಳಿಯೋದೇ ಕಷ್ಟ ಅಂತ ಬರೆದಿದ್ದಾರಲ್ಲ, ಓದಿ ಸ್ವಲ್ಪ!

ನಾನು ಅತ್ತೆಯವರನ್ನು ಮೇ ಮೊದಲ ವಾರ ಕರ್ಕೊಂಡು ಹೋಗಿದ್ದೆ. ಅವರಿಗೆ ಅರವತ್ತೆಂಟು, ಎರಡೂ ಮಂಡಿ ಸವೆದಿವೆ. ಈ ‘ಟ್ರಾಮಲ್ಲಿ ಹತ್ತಿ, ನಡೆದು ಇಳಿ’ ಅನ್ನೋ ಉಪದೇಶ ನಂಬಿ ಮೊದಲ ದಿನವೇ ಕೆಟ್ಟೆ. ಅರ್ಧ ಮೆಟ್ಟಿಲಿಗೆ ಅತ್ತೆ ಗೋಡೆ ಹಿಡ್ಕೊಂಡು ನಿಂತರು. ಬಾಯಿಬಿಟ್ಟು ಏನೂ ಅನ್ನಲಿಲ್ಲ, ಅದೇ ಹೆಚ್ಚು ಹೆದರಿಕೆ ಆಗಿದ್ದು. ಹಾಗಾಗಿ ಹೋಗೋದೂ ಟ್ರಾಮು, ಬರೋದೂ ಟ್ರಾಮು. ರಾಷ್ಟ್ರೀಯ ರಂಗಮಂದಿರದ ಹತ್ತಿರ 22 ಹತ್ತಿ ‘ಪ್ರಾಜ್‌ಸ್ಕಿ ಹ್ರಾದ್’ ಸ್ಟಾಪಲ್ಲಿ ಇಳಿದರೆ ಕೋಟೆಯ ಹಿಂಬದಿಯಿಂದ ಹೆಚ್ಚು ಏರಿಳಿತ ಇಲ್ಲದೆ ಒಳಗೆ ಹೋಗಬಹುದು. ಒಳಗಿರೋ ಸಂತ ವಿಟಸ್ ಚರ್ಚು 1344ರಲ್ಲಿ ಶುರುವಾಗಿ ಮುಗಿದದ್ದು 1929ರಲ್ಲಿ. ಇದನ್ನು ಹೇಳಿದಾಗ ಅತ್ತೆ, “ನಮ್ಮ ಮನೆ ಮೇಲ್ಮಹಡಿ ಪರವಾಗಿಲ್ಲ ಬಿಡು” ಅಂದರು. ನಾವು ಹೋದಾಗ ಅರವತ್ತೈದು ದಾಟಿದವರಿಗೆ ಟ್ರಾಮ್ ಫ್ರೀ ಇತ್ತು, ಪಾಸ್‌ಪೋರ್ಟ್ ಕೈಯಲ್ಲಿರಲಿ. ನೀವು ಮಾತ್ರ ಟಿಕೆಟ್ ತಗೊಂಡು ಮೆಷಿನ್‌ನಲ್ಲಿ ಮುದ್ರೆ ಒತ್ತಿಸೋದು ಮರೀಬೇಡಿ.

ಈಗ ಗಡಿಯಾರದ ವಿಷಯ. ಪ್ರತಿ ಗಂಟೆಗೆ ಸರಿಯಾಗಿ ನೂರಾರು ಜನ ಫೋನ್ ಎತ್ತಿ ನಿಲ್ತಾರೆ. ಅಸ್ಥಿಪಂಜರ ಗಂಟೆ ಹೊಡೆಯುತ್ತೆ, ಹನ್ನೆರಡು ಜನ ಯೇಸುಶಿಷ್ಯರು ಕಿಟಕೀಲಿ ಹಾದುಹೋಗ್ತಾರೆ, ಕೋಳಿ ಕೂಗುತ್ತೆ, ಒಂದು ನಿಮಿಷದೊಳಗೆ ಮುಗೀತು. “ಇಷ್ಟೇನಾ?” ಅಂತ ಪಕ್ಕದವನೊಬ್ಬ ಇಂಗ್ಲಿಷಲ್ಲಿ ಗೊಣಗಿದ. ನಿಜವಾದ ಮಜಾ ಇರೋದು ಜನ ಚದುರಿದ ಮೇಲೆ. ಆಗ ಮುಂದೆ ಹೋಗಿ ಮೇಲಿನ ಮುಖಫಲಕ ನೋಡಿ. 1410ರ ಕಾಲದ ಯಂತ್ರ ಅದು. ರಾಶಿಚಕ್ರದ ಒಂದು ಉಂಗುರ ಸರಿದಾಡುತ್ತೆ, ಬಂಗಾರದ ಸೂರ್ಯ ಯಾವ ರಾಶೀಲಿದ್ದಾನೆ ಅಂತ ತೋರಿಸುತ್ತೆ, ಚಂದ್ರನ ಗುಂಡು ಪಕ್ಷಕ್ಕೆ ತಕ್ಕಂತೆ ಕಪ್ಪು ಬಿಳಿ ತಿರುಗುತ್ತೆ. ಹೊರಗಿನ ಬಳೆಯಲ್ಲಿ ಸೂರ್ಯಾಸ್ತದಿಂದ ಎಣಿಸೋ ಹಳೇ ಬೊಹೀಮಿಯನ್ ಗಂಟೆಗಳು. ನಾವು ಉದಯದಿಂದ ಘಳಿಗೆ ಎಣಿಸಿದ ಹಾಗೆ ಅವರು ಅಸ್ತದಿಂದ.

ಅತ್ತೆ ದಿನಾ ಬೆಳಗ್ಗೆ ಒಂಟಿಕೊಪ್ಪಲ್ ಪಂಚಾಂಗ ನೋಡೋರು. ಕನ್ನಡಕ ಹಾಕ್ಕೊಂಡು ಎರಡು ನಿಮಿಷ ನೋಡಿ, “ಸೂರ್ಯ ಇನ್ನೂ ಮೇಷದಲ್ಲೇ ಇದಾನೆ ಕಣೇ, ಇವರು ಆಗಲೇ ವೃಷಭಕ್ಕೆ ಕಳಿಸಿಬಿಟ್ಟಿದಾರೆ” ಅಂದರು. ಅವರದು ಸಾಯನ (ಋತುಗಳಿಗೆ ಹೊಂದಿಸಿದ ರಾಶಿಚಕ್ರ), ನಮ್ಮದು ನಿರಯನ (ನಕ್ಷತ್ರಗಳಿಗೆ ಹೊಂದಿಸಿದ್ದು), ಮಧ್ಯೆ ಸುಮಾರು 24 ಡಿಗ್ರಿ ಅಂತರ ಅಂತ ಫೋನ್ ನೋಡಿ ವಿವರಿಸಿದೆ. ಎಲ್ಲ ಕೇಳಿಸ್ಕೊಂಡು ಕೊನೆಗೆ, “ಅಂದ್ರೆ ಮೂರೂವರೆ ವಾರ ಫಾಸ್ಟ್ ಓಡ್ತಿದೆ, ರಿಪೇರಿಗೆ ಕೊಡೋಕೆ ಹೇಳು” ಅಂದರು! ಇಂಥ ಗಡಿಯಾರ ಇನ್ನೊಂದು ಮಾಡಬಾರದು ಅಂತ ಕುಶಲಕರ್ಮಿಯ ಕಣ್ಣು ಕೀಳಿಸಿದರು ಅನ್ನೋ ಕಥೆ ಅಲ್ಲೂ ಇದೆ. ತಾಜ್ ಮಹಲ್‌ದವರ ಕೈ ಕತ್ತರಿಸಿದ ಕಥೆಯ ದಾಯಾದಿ, ಅಷ್ಟೇ ಕಟ್ಟುಕತೆ.

ಚೌಕದಲ್ಲಿ ಯಾನ್ ಹುಸ್ ಸ್ಮಾರಕದ ಸುತ್ತ ಕೂರೋಕೆ ಜಾಗ ಸಿಗುತ್ತೆ, ಅಲ್ಲೇ ಅಮ್ಮನನ್ನು ಕೂರಿಸಿ. 1415ರಲ್ಲಿ ಸುಟ್ಟ ಧರ್ಮಸುಧಾರಕನಿಗೆ ಸರಿಯಾಗಿ 500 ವರ್ಷ ಆದಮೇಲೆ ನಿಲ್ಲಿಸಿದ ಸ್ಮಾರಕ. ಹಳೇ ಪುರಭವನದ ಪಕ್ಕ ನೆಲದ ಕಲ್ಲಲ್ಲೇ 27 ಬಿಳಿ ಶಿಲುಬೆ ಇವೆ. ದಂಗೆ ಎದ್ದ 27 ಮಂದಿಯನ್ನು 1621ರಲ್ಲಿ ಅಲ್ಲೇ ಕೊಂದರು. ಜನ ಐಸ್‌ಕ್ರೀಂ ತಿಂತಾ ಅದರ ಮೇಲೇ ನಡೀತಿರ್ತಾರೆ. ಅತ್ತೆ ಮಾತ್ರ ಗೊತ್ತಾದ ಮೇಲೆ ಸುತ್ತಿಕೊಂಡೇ ಹೋದರು. ಪುರಭವನದ ಗೋಪುರಕ್ಕೆ ಲಿಫ್ಟ್ ಇದೆ, ಮೇಲಿಂದ ನೋಡೋ ಆಸೆ ಇದ್ದರೆ ಅದೊಂದೇ ಸಾಕು.

ಸೇತುವೆಗೆ ಸಂಜೆ ಬೇಡವೇ ಬೇಡ, ಜಾತ್ರೆ. ಬೆಳಗ್ಗೆ ಏಳಕ್ಕೆ ಮುಂಚೆ ಹೋಗಿ. ಹಳೇ ಊರಲ್ಲೆಲ್ಲ ಪುಟ್ಟ ಕಲ್ಲು ಜೋಡಿಸಿದ ನೆಲ, ಅಮ್ಮನಿಗೆ ದಪ್ಪ ಅಟ್ಟೆಯ ಶೂ ಹಾಕಿಸಿ, ಚಪ್ಪಲಿ ಬೇಡ. ಊಟಕ್ಕೆ ಚಟ್ನಿಪುಡಿ, ಅವಲಕ್ಕಿ ಇರಲಿ. ಕರಿದ ಚೀಸ್ ಸಿಗುತ್ತೆ, ಆದರೆ ಹೊರಗಿನ ಪದರಕ್ಕೆ ಮೊಟ್ಟೆ ಹಾಕ್ತಾರೆ.

ಸೇತುಬಂಧ:
ನಿಮ್ಮ ತಂದೆಯವರಿಗಾಗಿ ಎರಡು ಮಾತು. ಚಾರ್ಲ್ಸ್ ಸೇತುವೆಗೂ ಮುಂಚೆ ಅಲ್ಲಿದ್ದ ಸೇತುವೆ 1342ರ ನೆರೆಗೆ ಕೊಚ್ಚಿಹೋಯಿತು. ಈಗಿನದಕ್ಕೆ 1357ರಲ್ಲಿ ಅಡಿಗಲ್ಲು. ಒಂಬತ್ತನೇ ದಿನ, ಏಳನೇ ತಿಂಗಳು, ಐದೂ ಮೂವತ್ತೊಂದಕ್ಕೆ ಅಂತ ಹೇಳಿಕೆ: 1-3-5-7-9-7-5-3-1, ಏರಿ ಇಳಿಯುತ್ತೆ. ಜ್ಯೋತಿಷಿಗಳು ಕೊಟ್ಟ ಮುಹೂರ್ತವಂತೆ. ಆದರೂ 1890ರ ನೆರೆಗೆ ಮೂರು ಕಮಾನು ಬಿದ್ದವು, ಮುಹೂರ್ತ ನೋಡಿ ಕಟ್ಟಿದ್ದೂ ನದಿಗೆ ಲೆಕ್ಕಕ್ಕಿಲ್ಲ. ಮರಳುಗಲ್ಲಿನ ಸೇತುವೆ, ಉದ್ದ 516 ಮೀಟರ್, ಕಮಾನು 16. ಎಣಿಸೋಕೆ ಸೇತುವೆ ಮೇಲೆ ನಿಂತರೆ ಆಗಲ್ಲ, ಹಳೇ ಊರಿನ ಕಡೆ ದಂಡೆಗೆ ಬರಬೇಕು.

ಇನ್ನೊಂದು: ಬೀದಿಯಲ್ಲಿ ಯಾರಾದರೂ ‘ಒಳ್ಳೇ ರೇಟು’ ಅಂತ ಹಣ ಬದಲಾಯಿಸೋಕೆ ಬಂದರೆ ದೂರ ಇರಿ. ನನ್ನ ಕೈಗೆ ಬೇರೆ ಯಾವುದೋ ದೇಶದ ಚಲಾವಣೆ ಇಲ್ಲದ ನೋಟು ದಾಟಿಸಿದ್ದ ಒಬ್ಬ. ಅಂಗಡಿಯಲ್ಲಿ ಬದಲಾಯಿಸಿ ರೇಟು ಮೋಸ ಅನ್ನಿಸಿದರೆ ರಸೀದಿ ತೋರಿಸಿ ಮೂರು ತಾಸಿನೊಳಗೆ ವಾಪಸ್ ಕೇಳಬಹುದು, 2019ರಿಂದ ಕಾನೂನೇ ಇದೆ.

ತುಂಗಾತೀರದವ:
ಹೋಗಿ ಬಂದ್ವಿ. ಮೈಸೂರಿನ ಅಕ್ಕನಿಗೆ ದೊಡ್ಡ ನಮಸ್ಕಾರ, ಟ್ರಾಮಲ್ಲೇ ಹೋಗಿ ಟ್ರಾಮಲ್ಲೇ ಬಂದ್ವಿ. ಬೆಳಗ್ಗೆ ಆರೂವರೆಗೆ ಸೇತುವೆ ಮೇಲೆ ನಾವು, ಒಬ್ಬ ಮದುಮಗಳು, ಅವಳ ಫೋಟೋದವನು, ಅಷ್ಟೇ. 1393ರಲ್ಲಿ ವ್ಲ್ತಾವಾ ನದಿಗೆ ಎಸೆದ ನೆಪೊಮುಕ್ ಸಂತನ ವಿಗ್ರಹದ ಕೆಳಗೆ ಕಂಚಿನ ಫಲಕ ಇದೆಯಲ್ಲ, ಜನ ಮುಟ್ಟಿ ಮುಟ್ಟಿ ಬಂಗಾರವಾಗಿದೆ. ಅಮ್ಮ ಮುಟ್ಟಿ ಕಣ್ಣಿಗೊತ್ತಿಕೊಂಡು, ಅದೇ ಕೈಯನ್ನು ಮಂಡಿಗೂ ಸವರಿಕೊಂಡರು.

ಅಪ್ಪನ ಲೆಕ್ಕದಲ್ಲಿ ಕಮಾನು ಹದಿನಾರು ಬರಲಿಲ್ಲ. ಸಂಜೆವರೆಗೂ ಮುಖ ಗಂಟು. ನೀರಿನ ಮೇಲಿನವನ್ನು ಮಾತ್ರ ಎಣಿಸಿದ್ದರು, ಆಚೆ ಕಾಂಪಾ ದ್ವೀಪದ ನೆಲದ ಮೇಲಿರೋವು ಬಿಟ್ಟುಹೋಗಿದ್ದವು. ಎರಡನೇ ದಿನ ಬಸ್ಸಿಗೆ ಒಂದೂವರೆ ಗಂಟೆ ಇರುವಾಗ ಮತ್ತೆ ಕರ್ಕೊಂಡು ಹೋಗಬೇಕಾಯ್ತು.